ಜಾಲರಿಯನ್ನೇ ಪಿಟೀಲು ಮಾಡಿಕೊಂಡವನು: ಜಾಕ್ ಕಾಲೋನ ಎಚ್ಚಿಂಗ್‌ಗಳಲ್ಲಿ ನಾಟಕ, ಜಾತ್ರೆ, ವಿಕಟ ಆಕೃತಿಗಳು

ಹೋದ ತಿಂಗಳು ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಕುಳ್ಳಗಿನ, ಗೂನುಬೆನ್ನಿನ ಒಬ್ಬ ಮನುಷ್ಯ. ಕೈಯಲ್ಲಿ ಪಿಟೀಲು ಇರಬೇಕಾದ ಜಾಗದಲ್ಲಿ ಕಬ್ಬಿಣದ ಜಾಲರಿ. ಫುಲ್ಕಾ ಸುಡೋದಕ್ಕೆ ಒಲೆ ಮೇಲೆ ಇಡ್ತೀವಲ್ಲ, ಹೆಚ್ಚುಕಡಿಮೆ ಅಂಥದ್ದೇ. ಅದನ್ನೇ ಪಿಟೀಲಿನ ಹಾಗೆ ಹಿಡಿದು ಕಚೇರಿ ಕೊಡ್ತಾ ಇದ್ದಾನೆ. ಚಿತ್ರದ ಕೆಳಗೆ ಒಂದೇ ಸಾಲು: "ಮಾಮ, ಇದು ಎಐ ಮಾಡಿದ್ದಾ?"

ಅಲ್ಲ. ಇದಕ್ಕೆ 400 ವರ್ಷ ವಯಸ್ಸು. ಮಾಡಿದವನು ಜಾಕ್ ಕಾಲೋ. ಈಗ ಜರ್ಮನಿಯ ಗಡಿ ಕಡೆ ಫ್ರಾನ್ಸಿಗೆ ಸೇರಿರುವ, ಆಗ ಸ್ವತಂತ್ರ ಸಂಸ್ಥಾನವಾಗಿದ್ದ ಲೊರೇನ್‌ನ ನಾನ್ಸಿ ಪಟ್ಟಣದವನು. ನ್ಯೂಯಾರ್ಕಿನ ಮೆಟ್, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಂಥ ದೊಡ್ಡ ಸಂಗ್ರಹಾಲಯಗಳು ತಮ್ಮ ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ ಅಂತ ಬಿಟ್ಟಿವೆ. ಹಾಗಾಗಿ ಕಾಲೋನ ಕುಳ್ಳರು, ದೆವ್ವಗಳು, ಗರಿಯ ಟೋಪಿಯ ಕುಣಿತದವರು ಈಗ ಎಲ್ಲರ ಫೋನಿಗೂ ಬಂದು ಇಳಿಯುತ್ತಿದ್ದಾರೆ, ಹೆಸರಿಲ್ಲದೆ, ಊರಿಲ್ಲದೆ. ನೋಡಿದವರಿಗೆ ಯಾವನೋ ತಲೆಕೆಟ್ಟವನ ಕನಸು ಅನಿಸುತ್ತದೆ. ಆದರೆ ಇವರಲ್ಲಿ ಬಹಳಷ್ಟು ಮಂದಿ ಕನಸಿನಿಂದ ಬಂದವರಲ್ಲ, ರಂಗದಿಂದ ಇಳಿದು ಬಂದವರು.

ಮೊದಲು, ಎಚ್ಚಿಂಗ್ ಅಂದ್ರೇನು?

ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ತಟ್ಟೆಯ ಹಿಂದೆ ಹೆಸರು ಹಾಕಿಸಿದ್ದು ನೆನಪಿದೆಯಾ? ಅಲ್ಲಿ ಚೂಪು ಮೊನೆ ನೇರವಾಗಿ ಲೋಹವನ್ನು ಕೊರೆಯುತ್ತದೆ. ಯುರೋಪಿನಲ್ಲೂ ಮೊದಲಿಗೆ ಹೀಗೇ. ತಾಮ್ರದ ತಗಡಿನ ಮೇಲೆ ಚೂಪು ಉಳಿ ಹಿಡಿದು ಗೆರೆ ಕೆತ್ತುತ್ತಿದ್ದರು, ಆ ಗೆರೆಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತುತ್ತಿದ್ದರು. ಇದು ಎನ್‌ಗ್ರೇವಿಂಗ್, ಅಂದರೆ ಕೆತ್ತನೆ. ಗೆರೆ ನಯವಾಗಿ ಬರುತ್ತದೆ, ನಿಜ. ಆದರೆ ಕೈ ಪಳಗಲು ವರ್ಷಗಳೇ ಬೇಕು, ಮತ್ತೆ ಉಳಿ ಹೋದ ಕಡೆ ಕೈ ಹೋಗಬೇಕೇ ಹೊರತು ಕೈ ಹೋದ ಕಡೆ ಉಳಿ ಬರೋದಿಲ್ಲ.

ಎಚ್ಚಿಂಗ್‌ನಲ್ಲಿ ಕೊರೆಯುವ ಕೆಲಸ ಕೈಯದಲ್ಲ, ಆಸಿಡ್‌ನದು. ಕಂದಿದ ತಾಮ್ರದ ಚೊಂಬಿಗೆ ಹುಣಸೆಹಣ್ಣು ತಿಕ್ಕಿದರೆ ಮೇಲಿನ ಕೊಳೆ ಹೋಗಿ ಫಳಫಳ ಹೊಳೆಯುತ್ತದಲ್ಲ? ಹುಣಸೆಯ ಹುಳಿ ಆ ಕಂದಿದ ಪದರವನ್ನು ಕರಗಿಸಿತು. ಅದಕ್ಕಿಂತ ಎಷ್ಟೋ ಪಟ್ಟು ಜೋರಾದ ಹುಳಿ ಇದ್ದರೆ ತಾಮ್ರವನ್ನೇ ತಿನ್ನುತ್ತದೆ. ಈ ತಿನ್ನುವ ಗುಣವನ್ನೇ ಕಲಾವಿದ ಕೆಲಸಕ್ಕೆ ಹಚ್ಚುತ್ತಾನೆ.

ತಗಡಿನ ಮೇಲೆಲ್ಲ ಆಸಿಡ್ ತಾಗದ ಮೇಣದಂಥ ಒಂದು ಪದರ ಬಳಿಯುತ್ತಾನೆ. ಒಣಗಿದ ಮೇಲೆ ಸೂಜಿ ಹಿಡಿದು ಅದರ ಮೇಲೆ ಚಿತ್ರ ಬರೆಯುತ್ತಾನೆ. ಸೂಜಿ ಮೇಣವನ್ನು ಕೆರೆಯುತ್ತದೆ, ಅಷ್ಟೇ. ಕಾಗದದ ಮೇಲೆ ಪೆನ್ ಓಡಿದಷ್ಟೇ ಸಲೀಸು. ಆಮೇಲೆ ಆಸಿಡ್. ಮೇಣ ಇದ್ದ ಕಡೆ ತಗಡು ಬಚಾವ್, ಕೆರೆದ ಕಡೆ ಗೆರೆ ಇಳಿಯುತ್ತದೆ. ಮೇಣ ತೆಗೆದು, ಮಸಿ ಬಳಿದು, ಮೇಲಿನ ಮಸಿ ಒರೆಸಿದರೆ ಗೆರೆಯೊಳಗಿನ ಮಸಿ ಮಾತ್ರ ಉಳಿಯುತ್ತದೆ. ಒದ್ದೆ ಕಾಗದ ಹೊದಿಸಿ ಎರಡು ಉರುಳೆಗಳ ನಡುವೆ ತೂರಿಸಬೇಕು. ಕಬ್ಬಿನ ಹಾಲಿನ ಅಂಗಡಿಯ ಮೆಷಿನ್ ನೆನೆಸಿಕೊಂಡರೆ ಸಾಕು. ಕಾಗದ ಗೆರೆಯೊಳಗೆ ಒತ್ತಿಕೊಂಡು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ.

ಈ ವಿದ್ಯೆ ಚಿತ್ರಕಾರರ ಕಡೆಯಿಂದ ಬಂದದ್ದಲ್ಲ ಅನ್ನೋದು ನನಗೆ ಯಾವಾಗಲೂ ಮಜಾ ಕೊಡುವ ಸಂಗತಿ. ಯೋಧರ ಉಕ್ಕಿನ ಕವಚದ ಮೇಲೆ ಬಳ್ಳಿ, ಹೂ ಬಿಡಿಸುತ್ತಿದ್ದ ಕಸುಬುದಾರರ ಗುಟ್ಟು ಇದು. ಉಕ್ಕು ಉಳಿಗೆ ಸುಲಭಕ್ಕೆ ಬಗ್ಗೋದಿಲ್ಲ, ಆಸಿಡ್‌ಗೆ ಬಗ್ಗುತ್ತದೆ. ಜರ್ಮನಿಯ ಆಗ್ಸ್‌ಬರ್ಗ್‌ನ ಡೇನಿಯಲ್ ಹಾಪ್ಫರ್ ಸುಮಾರು 1500ರ ಹೊತ್ತಿಗೆ ಕಬ್ಬಿಣದ ತಗಡಿನಿಂದ ಹೀಗೆ ಚಿತ್ರ ಅಚ್ಚು ಹಾಕತೊಡಗಿದ. ಹೆಸರುವಾಸಿ ಕಲಾವಿದ ಡ್ಯೂರರ್ ಕೂಡ 1515ರಿಂದ 1518ರ ತನಕ ಕೈಯಾಡಿಸಿ ಬಿಟ್ಟುಬಿಟ್ಟ. ಕಬ್ಬಿಣಕ್ಕೆ ತುಕ್ಕಿನ ಕಾಟ. ಬರಬರುತ್ತ ಎಲ್ಲರೂ ತಾಮ್ರಕ್ಕೆ ಬಂದರು. ಆದರೂ ನೂರು ವರ್ಷ ಎಚ್ಚಿಂಗ್ ಅಂದರೆ ಕೆತ್ತನೆಯ ಬಡ ತಮ್ಮ ಅನ್ನುವ ಹಾಗಿತ್ತು.

ಕಾಲೋ ಮೂರು ವಿಷಯ ಬದಲಾಯಿಸಿದ

ಕಾಲೋ ಹುಟ್ಟಿದ್ದು 1592ರ ಸುಮಾರಿಗೆ. ಅಪ್ಪ ಲೊರೇನ್ ಅರಮನೆಯ ನೌಕರ: ಮೆರವಣಿಗೆ, ಸಮಾರಂಭಗಳ ಮರ್ಯಾದೆ, ಲಾಂಛನ ನೋಡಿಕೊಳ್ಳುವ ಕೆಲಸ. ಅಂದರೆ ಹುಡುಗ ಮೊದಲಿಂದಲೂ ಮೆರವಣಿಗೆ ನೋಡಿಕೊಂಡೇ ಬೆಳೆದವನು. 1607ರಲ್ಲಿ ಅಕ್ಕಸಾಲಿಗನ ಹತ್ತಿರ ಕೆಲಸಕ್ಕೆ ಸೇರಿದ, ಆಮೇಲೆ ರೋಮ್‌ಗೆ ಹೋಗಿ ಕೆತ್ತನೆ ಕಲಿತ, 1612ರ ಸುಮಾರಿಗೆ ಫ್ಲಾರೆನ್ಸ್ ಸೇರಿದ. ಅಲ್ಲಿ ಮೆಡಿಚಿ ಮನೆತನದ ಆಳ್ವಿಕೆ. ಕೆಲವೇ ವರ್ಷದಲ್ಲಿ ದೊರೆ ಎರಡನೇ ಕೊಸಿಮೊನ ಸೇವೆಗೆ ನಿಂತ.

ಹಳೆಯ ಮೇಣದ ಪದರದ್ದು ಒಂದು ತೊಂದರೆ ಇತ್ತು. ಅದು ಮೆದು. ಹತ್ತಿರ ಹತ್ತಿರ ಗೆರೆ ಎಳೆದರೆ ನಡುವಿನ ಮೇಣ ಚಕ್ಕೆ ಎದ್ದುಬರುತ್ತಿತ್ತು, ಆಸಿಡ್ ಅಲ್ಲಿ ನುಗ್ಗಿ ಚಿತ್ರವೆಲ್ಲ ಹೊಲಸು. ಕಾಲೋ ಅದರ ಬದಲು ತಂತಿವಾದ್ಯ ಮಾಡುವವರು ವಾದ್ಯಕ್ಕೆ ಬಳಿಯುತ್ತಿದ್ದಂಥ ಗಟ್ಟಿ ವಾರ್ನಿಶ್ ಹಿಡಿದ. ಅಗಸೆ ಎಣ್ಣೆ ಮತ್ತು ಮರದ ಅಂಟಿನ ಪಾಕ. ಬಿಸಿ ತಾಗಿಸಿ ಒಣಗಿಸಿದರೆ ಕಲ್ಲಿನ ಹಾಗೆ ಗಟ್ಟಿ. ಈಗ ಕೂದಲೆಳೆಯಷ್ಟು ಹತ್ತಿರ ಗೆರೆ ಎಳೆದರೂ ಪದರ ಕದಲುವುದಿಲ್ಲ.

ಎರಡನೆಯದು ಎಶೊಪ್ ಅನ್ನುವ ಸೂಜಿ. ತುದಿ ಓರೆಯಾಗಿ ಕತ್ತರಿಸಿದ್ದು. ಓರೆ ಕತ್ತರಿಸಿದ ಬಿದಿರು ಕಡ್ಡಿಯಲ್ಲಿ ಬರೆದವರಿಗೆ ಗೊತ್ತು: ಕಡ್ಡಿ ತಿರುಗಿಸಿದ ಹಾಗೆ ಗೆರೆ ಸಣ್ಣದಾಗುತ್ತದೆ, ದಪ್ಪವಾಗುತ್ತದೆ. ಇಲ್ಲೂ ಅದೇ. ಉಬ್ಬಿ ಇಳಿಯುವ ಗೆರೆ ಆ ತನಕ ಕೆತ್ತನೆಯವರ ಸ್ವತ್ತಾಗಿತ್ತು.

ಮೂರನೆಯದು ಮದರಂಗಿಯ ಲೆಕ್ಕ. ಬೇಗ ತೊಳೆದರೆ ತಿಳಿ ಬಣ್ಣ, ರಾತ್ರಿಯಿಡೀ ಬಿಟ್ಟರೆ ಕಡು ಕೆಂಪು. ಕಾಲೋ ತಗಡಿಗೆ ಸ್ವಲ್ಪ ಹೊತ್ತು ಆಸಿಡ್ ಕುಡಿಸಿ ತೆಗೆಯುತ್ತಿದ್ದ. ದೂರದ ಬೆಟ್ಟ, ಹಿಂದಿನ ಜನ ಇವುಗಳ ಗೆರೆಗಳನ್ನು ಮುಚ್ಚಿಬಿಡುತ್ತಿದ್ದ. ಆಮೇಲೆ ಮತ್ತೆ ಆಸಿಡ್. ಮುಂದಿರುವವರ ಗೆರೆ ಆಳಕ್ಕೆ ಇಳಿಯುತ್ತದೆ, ಕಪ್ಪಾಗಿ ಅಚ್ಚಾಗುತ್ತದೆ. ಹಿಂದಿನವರು ಮಂಜಿನಲ್ಲಿ ಕಂಡ ಹಾಗೆ ತೆಳ್ಳಗೆ. ಈ ಉಪಾಯ ಅವನಿಗಿಂತ ಮೊದಲೂ ಒಬ್ಬಿಬ್ಬರು ಮಾಡಿದ್ದರು, ಆದರೆ ಇಷ್ಟು ಹಟ ಹಿಡಿದು ಮಾಡಿದವರು ಕಡಿಮೆ. ಇದನ್ನೆಲ್ಲ ನಾವು ಇಷ್ಟು ವಿವರವಾಗಿ ತಿಳಿದಿರೋದು 1645ರಲ್ಲಿ ಪ್ಯಾರಿಸ್ಸಿನ ಅಬ್ರಾಂ ಬಾಸ್ ಎಚ್ಚಿಂಗ್ ಕಲಿಸುವ ಕೈಪಿಡಿ ಬರೆದು, ಕಾಲೋನ ವಿಧಾನವನ್ನು ಅದರಲ್ಲಿ ವಿವರಿಸಿದ್ದರಿಂದ.

ಇಷ್ಟು ಹೊತ್ತು ವಾರ್ನಿಶ್ ಬಗ್ಗೆ ಯಾಕೆ ಕೊರೆದೆ ಅಂದರೆ, ಈ ಮೂರೂ ಇಲ್ಲದೆ ಮುಂದಿನ ಚಿತ್ರಗಳು ಸಾಧ್ಯವೇ ಇರಲಿಲ್ಲ. 1620ರಲ್ಲಿ ಕಾಲೋ ಫ್ಲಾರೆನ್ಸ್ ಹತ್ತಿರದ ಇಂಪ್ರುನೆಟಾ ಊರಿನ ಜಾತ್ರೆ ಬಿಡಿಸಿದ. ಒಂದೇ ತಗಡಿನಲ್ಲಿ ಸಾವಿರಕ್ಕೂ ಹೆಚ್ಚು ಜನ, ಮೇಲೆ ಕುದುರೆ, ಕತ್ತೆ, ನಾಯಿ ಬೇರೆ. ಮಡಕೆ ಮಾರುವವರಿಂದ ಹಿಡಿದು ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದಾರೆ.

ಒಂದು ರಾತ್ರಿಯ ಆಟ

ಈಗ ಫ್ಲಾರೆನ್ಸಿನ ಅರಮನೆಗೆ ಬರೋಣ. ಮೆಡಿಚಿಗಳಿಗೆ ಮದುವೆ, ನಾಮಕರಣ, ಬೇರೆ ರಾಜ್ಯದ ಅತಿಥಿ, ಏನೇ ಬಂದರೂ ಭಾರಿ ಆಟ ಕಟ್ಟಬೇಕು. ಸುಮ್ನೆ ಮೋಜಿಗಲ್ಲ. ನಮ್ಮ ಹತ್ತಿರ ಎಷ್ಟು ಹಣವಿದೆ, ಎಂಥ ಎಂಜಿನಿಯರ್‌ಗಳಿದ್ದಾರೆ ಅಂತ ಬಂದವರಿಗೆ ತೋರಿಸಬೇಕು. ಊರಿನ ಚೌಕದಲ್ಲಿ ಕುದುರೆಗಳ ಕುಣಿತ, ತೇರಿನಂಥ ಬಂಡಿಗಳು, ಹುಸಿ ಯುದ್ಧಗಳು. ಅರಮನೆಯ ರಂಗಮಂದಿರದಲ್ಲಿ ಹಗ್ಗ, ರಾಟೆಗಳಿಂದ ಇಳಿಯುವ ಮೋಡ, ಮೋಡದ ಮೇಲೆ ಕೂತ ದೇವತೆ.

ಆಗ ಇಂಟರ್‌ಮೆಜೊ ಅಂತ ಒಂದು ಪದ್ಧತಿ ಇತ್ತು. ನಾಟಕದ ಅಂಕಗಳ ನಡುವೆ ತೋರಿಸುವ ಹಾಡು, ಕುಣಿತ, ಯಂತ್ರಗಳ ಚಮತ್ಕಾರ. ಬರಬರುತ್ತ ಊಟಕ್ಕಿಂತ ಉಪ್ಪಿನಕಾಯಿಯೇ ಜಾಸ್ತಿ ಅನ್ನುವ ಹಾಗೆ ಜನ ಬರುತ್ತಿದ್ದದ್ದೇ ಇದಕ್ಕೆ. 1617ರ ಕಾರ್ನಿವಲ್ ಹಬ್ಬದ ಹೊತ್ತಿನಲ್ಲಿ ಮೆಡಿಚಿ ಮನೆಯ ಮಗಳ ಮದುವೆಗೆ ಫ್ಲಾರೆನ್ಸಿನ ಉಫ್ಫೀಜಿ ಕಟ್ಟಡದ ರಂಗಮಂದಿರದಲ್ಲಿ ಇಂಥದ್ದೊಂದು ಆಟ ನಡೆಯಿತು. ರಂಗ ಕಟ್ಟಿದವನು ಜೂಲಿಯೊ ಪಾರಿಜಿ. ಕಾಗದದ ಮೇಲೆ ಹತ್ತಿರ-ದೂರ ತೋರಿಸುವ ಬಗೆ, ರಂಗವಿನ್ಯಾಸ ಇವನ್ನು ಕಾಲೋಗೆ ಕಲಿಸಿದವನೂ ಇವನೇ. ಕಾಲೋ ಆ ಆಟದ ಮೂರು ಚಿತ್ರ ಮಾಡಿದ.

ಮೊದಲನೆಯದನ್ನು ನೋಡಿ. ನಾವು ಸಭಾಂಗಣದ ಹಿಂದಿನ ಸಾಲಿನಲ್ಲಿ ನಿಂತಿದ್ದೇವೆ. ಕಾಣುವುದು ಮೊದಲು ಮುಂದಿನವರ ಬೆನ್ನು, ತಲೆ, ಟೋಪಿ. ಅದರಾಚೆ ನಡುವಿನ ಖಾಲಿ ಜಾಗದಲ್ಲಿ ಕುಣಿಯುವವರು. ರಂಗದಿಂದ ಸಭೆಗೆ ಬಳಸಿಕೊಂಡು ಇಳಿಯುವ ಇಳಿಜಾರು. ಅದರಾಚೆ ರಂಗದಲ್ಲಿ ಒಂದು ಬೆಟ್ಟ, ಬೆಟ್ಟದ ಕೆಳಗೆ ಅದುಮಿ ಹಾಕಿದ ರಾಕ್ಷಸ. ಆಟವನ್ನು ಮಾತ್ರ ಬಿಡಿಸಿದ್ದರೆ ಸಾಕಿತ್ತಲ್ವಾ? ಕಾಲೋ ಆಟ ನೋಡುವವರನ್ನೂ ಬಿಡಿಸಿದ. ಈ ಚಟ ಅವನನ್ನು ಕೊನೆ ತನಕ ಬಿಡಲಿಲ್ಲ.

1619ರ ಜುಲೈ 25ರಂದು ಫ್ಲಾರೆನ್ಸಿನ ಆರ್ನೊ ನದಿಯ ಮೇಲೆ ನೇಕಾರರಿಗೂ ಬಣ್ಣಗಾರರಿಗೂ ಹುಸಿ ಯುದ್ಧ ನಡೆಯಿತು. ಅದನ್ನು ಕಾಲೋ ಬೀಸಣಿಗೆಯ ಆಕಾರದಲ್ಲಿ ಅಚ್ಚು ಹಾಕಿದ. ಕತ್ತರಿಸಿ ಹಿಡಿಕೆಗೆ ಅಂಟಿಸಿದರೆ ಜುಲೈ ಸೆಖೆಗೆ ಗಾಳಿ, ಕೈಯಲ್ಲಿ ಆಟದ ನೆನಪು. ಚಿತ್ರದ ಸುತ್ತ ಬಳ್ಳಿ ಸುರುಳಿಯ ಚೌಕಟ್ಟಿದೆ. ಆ ಚೌಕಟ್ಟಿನ ಮೇಲೆಯೇ ಜನ ಹತ್ತಿ ಕೂತು, ನಮಗೆ ಬೆನ್ನು ಹಾಕಿ ಒಳಗಿನ ನದಿಯನ್ನು ನೋಡುತ್ತಿದ್ದಾರೆ. ತೇರಿನ ದಿನ ಮನೆ ಮಾಡು ಹತ್ತಿ ಕೂತವರ ಹಾಗೆ.

ಆಟ ಮುಗಿದ ಮರುದಿನ ಬಟ್ಟೆ, ಮರ, ಬಣ್ಣದ ಆ ಲೋಕವನ್ನು ಬಿಚ್ಚಿ ಹಾಕುತ್ತಾರೆ. ಉಳಿಯುವುದು ಕಾಗದ. ಬರಲಾಗದ ದೊರೆಗಳಿಗೂ, ಬಂದು ಮರೆತವರಿಗೂ ಕಳಿಸಬಹುದಾದ ಕಾಗದ. ಅರಮನೆಗಳು ಎಚ್ಚಿಂಗ್ ಮಾಡುವವರನ್ನು ಸಾಕಿದ್ದು ಇದಕ್ಕೇ.

'ವಿಕಟ' ಬಂದದ್ದು ಎಲ್ಲಿಂದ?

ಈ ಕುಳ್ಳರು, ದೆವ್ವಗಳಿಗೆ ಯುರೋಪಿನವರು ಹೇಳುವ ಪದ ಗ್ರೊಟೆಸ್ಕ್. ಹುಟ್ಟಿದ್ದು ನೆಲದಡಿಯಲ್ಲಿ. ಸುಮಾರು 1480ರಲ್ಲಿ ರೋಮ್‌ನಲ್ಲಿ ನೀರೊ ಚಕ್ರವರ್ತಿಯ ಹೂತುಹೋಗಿದ್ದ ಅರಮನೆಯ ಕೋಣೆಗಳು ಸಿಕ್ಕವು. ಹಗ್ಗ ಹಿಡಿದು ಒಳಗೆ ಇಳಿದವರಿಗೆ ಗೋಡೆಯ ಮೇಲೆ ವಿಚಿತ್ರ ಚಿತ್ರಗಳು ಕಂಡವು. ಸೊಂಟದ ಮೇಲೆ ಮನುಷ್ಯ, ಕೆಳಗೆ ಬಳ್ಳಿ. ಪ್ರಾಣಿಯ ಮೈ, ಎಲೆಯ ಬಾಲ. ಗುಹೆಗೆ ಇಟಲಿಯಲ್ಲಿ ಗ್ರೊಟ್ಟ ಅನ್ನುತ್ತಾರೆ, ಗುಹೆಯಲ್ಲಿ ಸಿಕ್ಕಿದ್ದು ಗ್ರೊಟೆಸ್ಕ್ ಆಯಿತು. ಆಮೇಲೆ ಅಳತೆ ತಪ್ಪಿದ, ನಗುವೂ ಭಯವೂ ಒಟ್ಟಿಗೆ ಬರಿಸುವ ಯಾವುದಕ್ಕೂ ಆ ಹೆಸರು ಅಂಟಿಕೊಂಡಿತು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ನನ್ನ ಪ್ರಕಾರ 'ವಿಕಟ'. ವಿಕಾರ ಅಂತಲೂ ಹೌದು, ತಮಾಷೆ ಅಂತಲೂ ಹೌದು. ವಿಕಟಕವಿ ಅಂದಾಗ ನಾವು ಹೆದರೋದಿಲ್ಲ, ನಗ್ತೀವಿ. ಕಾಲೋನ ಜನ ಈ ಎರಡರ ನಡುವಿನವರು.

ಗೂನರು ಮತ್ತು ಬಡಾಯಿ ಕ್ಯಾಪ್ಟನ್‌ಗಳು

ಜಾಲರಿ ಬಾರಿಸುವವನು ಬರುವುದು 'ಗೊಬ್ಬಿ' ಅನ್ನುವ ಸರಣಿಯಲ್ಲಿ. ಇಟಲಿಯ ಭಾಷೆಯಲ್ಲಿ ಗೂನುಬೆನ್ನಿನವರು ಅಂತ ಅರ್ಥ. ಶೀರ್ಷಿಕೆಯ ಹಾಳೆಯೂ ಸೇರಿ 21 ಚಿತ್ರ, ಒಂದೊಂದೂ ಹೆಚ್ಚುಕಡಿಮೆ ಡೆಬಿಟ್ ಕಾರ್ಡಿನಷ್ಟು. ಆ ಕಾಲದ ಅರಮನೆಗಳಲ್ಲಿ ಕುಳ್ಳರನ್ನೂ ಗೂನರನ್ನೂ ಮನರಂಜನೆಗೆ ಇಟ್ಟುಕೊಳ್ಳುವುದು ಮಾಮೂಲು. ಇವತ್ತು ಓದಿದರೆ ಕಸಿವಿಸಿಯಾಗುತ್ತದೆ, ಆಗಬೇಕಾದದ್ದೇ. ಸರಣಿಯಲ್ಲಿ ಕೆಲವರು ಕೊಳಲು, ಪಿಟೀಲು ಹಿಡಿದಿದ್ದಾರೆ, ಕೆಲವರು ಕತ್ತಿ ಎಳೆದಿದ್ದಾರೆ, ಕುಡಿಯುವವರೂ ಇದ್ದಾರೆ, ಕೆಲವರ ಮುಖಕ್ಕೆ ಮುಖವಾಡ. ಅಳತೆ ವಿಕಟ, ನಿಜ. ಆದರೆ ಯಾರೂ ಕರುಣೆ ಕೇಳಿಕೊಂಡು ನಿಂತಿಲ್ಲ. ಆಟಕ್ಕೆ ಇಳಿದ ಕಸುಬುದಾರರ ಬಿಗಿ ಅವರಲ್ಲಿದೆ.

ಇನ್ನೊಂದು ಸರಣಿ 'ಬಾಲಿ ದಿ ಸ್ಫೆಸ್ಸಾನಿಯ', ಸುಮಾರು 1621-22ರದ್ದು, 24 ಚಿತ್ರ. ಇದನ್ನು ಅರ್ಥ ಮಾಡಿಕೊಳ್ಳಲು ಕೊಮೆಡಿಯ ದೆಲ್ ಆರ್ಟೆ ಗೊತ್ತಿರಬೇಕು. ಊರೂರು ತಿರುಗಿ ಆಡುವ ಇಟಲಿಯ ವೃತ್ತಿ ಮೇಳಗಳ ನಾಟಕ ಅದು. ಯಕ್ಷಗಾನ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಕತೆ ಗೊತ್ತು, ಪಾತ್ರ ಗೊತ್ತು, ಮಾತು ಮಾತ್ರ ರಂಗದ ಮೇಲೆ ಅವತ್ತೇ ಹುಟ್ಟುತ್ತದೆ. ಜಿಪುಣ ಮುದುಕ, ಕಿಲಾಡಿ ಆಳು, ಬಡಾಯಿ ಕ್ಯಾಪ್ಟನ್, ಇವರು ಯಾವಾಗಲೂ ಇರುತ್ತಾರೆ. ಹಲವರಿಗೆ ಚರ್ಮದ ಮುಖವಾಡ, ಉದ್ದ ಮೂಗು.

ಶೀರ್ಷಿಕೆಯ ಹಾಳೆ ಬಿಟ್ಟರೆ ಕಾಲೋ ಪ್ರತಿ ಚಿತ್ರದಲ್ಲೂ ಇಂಥ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಕಾಲಡಿಯಲ್ಲಿ ಹೆಸರು ಬರೆದ. ಹೆಸರುಗಳೇ ಅರ್ಧ ಆಟ. ಕ್ಯಾಪ್ಟನ್ ಬೆಟ್ಟ ಒಡೆಯುವವ, ಕ್ಯಾಪ್ಟನ್ ಮೊಸಳೆ, ಕ್ಯಾಪ್ಟನ್ ಕೆಟ್ಟ ಕಾಲು ಅಂತೆಲ್ಲ ಅರ್ಥ ಬರುತ್ತದೆ. ಆಗ ದಕ್ಷಿಣ ಇಟಲಿಯ ನೇಪಲ್ಸ್ ಸ್ಪೇನಿನ ಆಳ್ವಿಕೆಯಲ್ಲಿತ್ತು. ಮೀಸೆ ತಿರುವಿ ಓಡಿಹೋಗುವ ಈ ಕ್ಯಾಪ್ಟನ್ ಪಾತ್ರದಲ್ಲಿ ಜನ ಸ್ಪೇನಿನ ಸೈನಿಕರನ್ನು ಕಂಡು ನಗುತ್ತಿದ್ದರು.

ಆದರೆ ಇವನ್ನು ನಾಟಕದ ಫೋಟೋ ಅಂದುಕೊಳ್ಳಬಾರದು. ಸ್ಫೆಸ್ಸಾನಿಯ ಅನ್ನೋದು ನೇಪಲ್ಸ್ ಕಡೆಯ ಒಂದು ಕುಣಿತದ ಹೆಸರು. ಸೊಂಟ ಬಳುಕಿಸಿ, ಹಿಂಭಾಗ ಎತ್ತಿ, ಬೆರಳು ಚಿಟಿಕೆ ಹೊಡೆಯುವ ಈ ಭಂಗಿಗಳಲ್ಲಿ ಆ ಕುಣಿತವೂ ನಾಟಕವೂ ಕಾಲೋನ ಸ್ವಂತ ಕಿಡಿಗೇಡಿತನವೂ ಕಲಸಿಕೊಂಡಿವೆ. ಅವನ ಉಪಾಯ ಸರಳ. ಮುಂದಿನ ಇಬ್ಬರು ದೊಡ್ಡದಾಗಿ, ಕಪ್ಪಾಗಿ. ಅವರ ಕಾಲುಗಳ ಸಂದಿಯಲ್ಲಿ, ದೂರದಲ್ಲಿ, ಇರುವೆಯಷ್ಟು ಜನ, ದೊಂಬರಾಟ, ಮನೆಗಳು. ದಿಗಂತವನ್ನು ತುಂಬ ಕೆಳಗೆ ಇಟ್ಟಿದ್ದಾನೆ. ರಂಗದ ಬುಡದಲ್ಲಿ ನೆಲಕ್ಕೆ ಕೂತು ಕತ್ತೆತ್ತಿ ನೋಡಿದ ಹಾಗೆ. ಹಾಗಾಗಿ ಅಂಗೈಯಗಲದ ಕಾಗದದಲ್ಲಿ ಒಬ್ಬ ಕ್ಯಾಪ್ಟನ್ ಆಕಾಶಕ್ಕೆ ಮುಟ್ಟುತ್ತಾನೆ.

ಈ ಕುಳ್ಳರು ಕಾಲೋ ಸತ್ತ ಮೇಲೂ ಸುಮ್ಮನಿರಲಿಲ್ಲ. 18ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ ಹೆಸರಿನಲ್ಲೇ ಕುಳ್ಳರ ಚಿತ್ರಪುಸ್ತಕ ಬಂತು, ಪಿಂಗಾಣಿ ಗೊಂಬೆಗಳಾದವು, ಶ್ರೀಮಂತರ ತೋಟಗಳಲ್ಲಿ ಕಲ್ಲಿನ ವಿಗ್ರಹಗಳಾದವು. ಇವತ್ತು ಯುರೋಪಿನ ಅಂಗಳಗಳಲ್ಲಿ ಕೆಂಪು ಟೋಪಿ ಹಾಕಿ ನಿಲ್ಲುವ ಸಿಮೆಂಟ್ ಕುಳ್ಳನ ವಂಶಾವಳಿಯಲ್ಲಿ ಇವರೂ ಒಬ್ಬ ಅಜ್ಜ.

ದೆವ್ವಗಳೂ ರಂಗದಿಂದಲೇ

ಕ್ರೈಸ್ತ ಸಂತ ಆಂಟನಿಯನ್ನು ದೆವ್ವಗಳು ಕಾಡುವ ಕತೆಯನ್ನು ಕಾಲೋ ಎರಡು ಸಲ ಬಿಡಿಸಿದ. ಒಮ್ಮೆ 1617ರ ಹೊತ್ತಿಗೆ ಫ್ಲಾರೆನ್ಸಿನಲ್ಲಿ, ಇನ್ನೊಮ್ಮೆ 1635ರಲ್ಲಿ, ತಾನು ಸಾಯುವ ವರ್ಷ. ಎರಡನೆಯದರಲ್ಲಿ ಆಕಾಶದ ತುಂಬ ಒಂದು ದೈತ್ಯ ದೆವ್ವ ರೆಕ್ಕೆ ಬಿಚ್ಚಿ, ಬಾಯಿಂದ ಮರಿದೆವ್ವಗಳನ್ನು ಕಾರುತ್ತಿದೆ. ಸಂತ ಎಲ್ಲಿ? ಹುಡುಕಬೇಕು. ಒಂದು ಪಕ್ಕದ ಗುಹೆಯ ಹತ್ತಿರ ಚಿಕ್ಕದಾಗಿ ಇದ್ದಾನೆ. ಎರಡೂ ಬದಿ ಕಪ್ಪು ಬಂಡೆ, ಮುರಿದ ಗೋಡೆಗಳು, ನಡುವೆ ಬೆಳಕಿನ ಬಯಲು. ರಂಗದ ಅಕ್ಕಪಕ್ಕದ ಪರದೆಗಳನ್ನು ನೋಡಿದವರಿಗೆ ಈ ಜೋಡಣೆ ತಟ್ಟನೆ ಗುರುತು ಸಿಗುತ್ತದೆ. 1617ರ ಮದುವೆ ಆಟದ ಎರಡನೇ ಭಾಗದಲ್ಲಿ ಪಾರಿಜಿ ರಂಗದ ಮೇಲೆ ನರಕವನ್ನೇ ತೋರಿಸಿದ್ದ. ಕಾಲೋ ಅದನ್ನು ಅಚ್ಚು ಹಾಕಿದ್ದ. ಬೆಂಕಿಯನ್ನು ಎಲ್ಲಿಡಬೇಕು, ಹಾರುವ ದೆವ್ವವನ್ನು ಎಲ್ಲಿ ತೂಗಬೇಕು ಅನ್ನೋದನ್ನು ಅವನು ಕಲಿತದ್ದು ಅಲ್ಲಿ.

ಯುದ್ಧಕ್ಕೂ ಅದೇ ಕಣ್ಣು

1621ರಲ್ಲಿ ಕೊಸಿಮೊ ತೀರಿಕೊಂಡ. ಅರಮನೆ ಖರ್ಚು ಕಡಿತ ಮಾಡಿತು, ಕಾಲೋನ ಸಂಬಳ ನಿಂತಿತು. ಅವನು ನಾನ್ಸಿಗೆ ವಾಪಸ್ ಬಂದ. ಯುರೋಪಿನಲ್ಲಿ ಆಗ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1633ರಲ್ಲಿ ಫ್ರಾನ್ಸಿನ ದೊರೆ 13ನೇ ಲೂಯಿ ನಾನ್ಸಿಯನ್ನು ಮುತ್ತಿ ವಶ ಮಾಡಿಕೊಂಡ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕಾಲೋನ 18 ಚಿತ್ರಗಳ ಸರಣಿ ಹೊರಬಂತು: ಯುದ್ಧದ ಸಂಕಟಗಳು. ಲೂಟಿ, ಮನೆಗೆ ಬೆಂಕಿ, ಹಳ್ಳಿಯವರ ಮೇಲೆ ಹಲ್ಲೆ, ಲೂಟಿ ಮಾಡಿದ ಸೈನಿಕರಿಗೆ ಸೇನೆಯೇ ಕೊಡುವ ಶಿಕ್ಷೆ, ಆಮೇಲೆ ಹಳ್ಳಿಯವರ ಸೇಡು. ಸುಮಾರು 180 ವರ್ಷಗಳ ನಂತರ ಸ್ಪೇನಿನ ಚಿತ್ರಕಾರ ಗೋಯ ಯುದ್ಧದ ಎಚ್ಚಿಂಗ್‌ಗಳನ್ನು ಮಾಡಿದ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಈಗ ರೂಢಿ.

11ನೇ ಚಿತ್ರದಲ್ಲಿ ಬಯಲಿನ ನಡುವೆ ಒಂದು ದೊಡ್ಡ ಮರ. ಕೊಂಬೆಗಳಿಂದ ಇಪ್ಪತ್ತರಷ್ಟು ಜನ ನೇತಾಡುತ್ತಿದ್ದಾರೆ. ಕಳ್ಳರಾದ ಸೈನಿಕರು. ಕೆಳಗೆ ಅಚ್ಚಾದ ಫ್ರೆಂಚ್ ಪದ್ಯ ಅವರನ್ನು ಮರಕ್ಕೆ ತೂಗಿದ ನತದೃಷ್ಟ ಹಣ್ಣುಗಳಿಗೆ ಹೋಲಿಸುತ್ತದೆ. ಏಣಿಯ ಮೇಲೆ ಪಾದ್ರಿ, ಅವನ ಮುಂದೆ ಮುಂದಿನ ಸರದಿಯವನು. ಎರಡೂ ಕಡೆ ಭರ್ಜಿ ಹಿಡಿದ ಪಡೆ ಸಾಲಾಗಿ ನಿಂತು ನೋಡುತ್ತಿದೆ. ಮದುವೆಯ ಆಟದಲ್ಲಿ ಪ್ರೇಕ್ಷಕರು ಹೇಗೆ ನಿಂತಿದ್ದರೋ ಹಾಗೇ. ಇಡೀ ಚಿತ್ರದ ಎತ್ತರ 8 ಸೆಂಟಿಮೀಟರ್ ಆಸುಪಾಸು, ಅಗಲ 19.

ಅಕ್ಕನ ಮಗನಿಗೆ ಉತ್ತರವಾಗಿ ನಾನು ಕಳಿಸಿದ್ದು ಈ ಚಿತ್ರವನ್ನು. ಮರದ ಬುಡ ದೊಡ್ಡದು ಮಾಡಿ ನೋಡು ಅಂದೆ. ಸ್ವಲ್ಪ ಹೊತ್ತಿಗೆ ಅವನು ಅದನ್ನೇ ಕತ್ತರಿಸಿ, ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ. ಸುತ್ತಿನೊಳಗೆ ಒಂದು ಸೇನೆಯ ಡೋಲು. ಅದರ ಮೇಲೆ ಇಬ್ಬರು ದಾಳ ಉರುಳಿಸುತ್ತಿದ್ದಾರೆ.